ಉಗುಳಿಗೂ ಕೊಸರು

ಉಗುಳಿನ ಪರೀಕ್ಷೆಗೆ ನನಗೆ ಒಂದು ರೂಪಾಯಿಯೂ ಬೀಳಲಿಲ್ಲ. ಅದಕ್ಕೇ ನಾನು ಒಪ್ಪಿಕೊಂಡದ್ದು, ಸುಳ್ಳು ಯಾಕೆ ಹೇಳಲಿ. ಆಮೇಲೆ ಬಿದ್ದ ಖರ್ಚು ಬೇರೆ: ಬಸವಕಲ್ಯಾಣದಿಂದ ಹುಮನಾಬಾದಿಗೆ ಬಾಡಿಗೆ ಗಾಡಿ, ಅಲ್ಲಿಯ ಆಸ್ಪತ್ರೆಯ ಹಾಸಿಗೆ, ದಿನಾ ರಕ್ತ ಪರೀಕ್ಷೆ, ಉದ್ದಿನ ಮಾಲು ಬರುವ ಭರದ ದಿನಗಳಲ್ಲಿ ಬಾಗಿಲು ಹಾಕಿದ ನನ್ನ ಅಂಗಡಿ. ಇಷ್ಟೆಲ್ಲ ಯಾಕೆ ಬಿತ್ತು ಎಂದು ಕೇಳಿದರೆ ಒಂದೇ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಸೊಳ್ಳೆಯಿಂದ ಬಿತ್ತು ಎನ್ನಬಹುದು. ಒಂದು ಸಣ್ಣ ಡಬ್ಬಿಯ ಮೇಲೆ ಎಳೆದಿದ್ದ ಗೆರೆಯಿಂದ ಬಿತ್ತು ಎಂದರೂ ಸರಿಯೇ. ಬಿದ್ದದ್ದು ಒಳ್ಳೆಯದೇ ಆಯಿತು. ಬೀಳದೆ ಹೋಗಿದ್ದರೆ ನನ್ನ ತಮ್ಮನ ಹೆಂಡತಿಯ ಗತಿ ಏನಾಗುತ್ತಿತ್ತೋ, ಆ ಮಾತು ಬೇಡ.

ನಾನು ಹುಮನಾಬಾದಿನ ಧಾನ್ಯದ ಮಾರುಕಟ್ಟೆಗೆ ಮೊದಲು ಕಾಲಿಟ್ಟದ್ದು ಚೀಲ ಹೊರಲು. ಹೊರುತ್ತ ಹೊರುತ್ತ ಕಾಳಿನ ಗುಣ ಕಲಿತೆ. ಉದ್ದನ್ನು ಮುಷ್ಟಿಯಲ್ಲಿ ಹಿಡಿದು ಎಷ್ಟು ತೇವ ಇದೆ ಎಂದು ಹೇಳಬಲ್ಲೆ. ತೊಗರಿಯನ್ನು ಹಲ್ಲಿಗಿಟ್ಟು ಕಡಿದರೆ ಒಣಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಈಗ ಅದೇ ಮಾರುಕಟ್ಟೆಯಲ್ಲಿ ನನ್ನದೊಂದು ಅಡತಿ ಅಂಗಡಿ ಇದೆ. ರೈತರ ಮಾಲು ಮಾರಿಸಿಕೊಟ್ಟು ಕಮಿಷನ್ ಹಿಡಿದುಕೊಳ್ಳುವ ವ್ಯವಹಾರ. ಮನೆ ಮಾತ್ರ ಬಸವಕಲ್ಯಾಣದಲ್ಲಿ. ಯಾವ ಸಾಮಾನಿಗೂ ಅವರು ಹೇಳಿದ ಬೆಲೆ ಕೊಟ್ಟವನಲ್ಲ ನಾನು. ಕೈಯಲ್ಲಿ ಹಿಡಿದು ನೋಡಿ ಗುಣ ಹೇಳಲಾಗದ ವಸ್ತುವನ್ನು ಕೊಂಡವನೂ ಅಲ್ಲ. ಹೀಗಿದ್ದ ನನ್ನ ಬುದ್ಧಿ ಆ ಮಳೆಗಾಲದಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ.

ನನ್ನ ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಮನೆಯಲ್ಲಿ ಅವ್ವ, ನಾನು, ತಮ್ಮ ಮತ್ತು ಅವನ ಹೆಂಡತಿ. ತಮ್ಮನಿಗೆ ಹುಮನಾಬಾದಿನ ಔಷಧದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. ಆ ವಾರ ಬಿಡುವಿಲ್ಲದೆ ಅಲ್ಲೇ ಉಳಿದಿದ್ದ. ತಮ್ಮನ ಹೆಂಡತಿ ಮೋರಖಂಡಿಯ ಹುಡುಗಿ. ಗಂಡನ ಅಣ್ಣನ ಮುಂದೆ ಸೆರಗು ಇಳಿಸುವುದಾಗಲಿ ನೇರ ಮಾತಾಡುವುದಾಗಲಿ ನಮ್ಮ ಮನೆಯಲ್ಲಿ ನಡೆದು ಬಂದಿಲ್ಲ. ಚಹಾ ಬೇಕೋ ಬೇಡವೋ ಎಂಬುದನ್ನೂ ಅವಳು ಗೋಡೆಗೆ ಕೇಳಿದ ಹಾಗೆ ಅವ್ವನ ಕಡೆ ಮುಖ ಮಾಡಿ ಕೇಳುತ್ತಾಳೆ. ನಾನೂ ಗೋಡೆಗೇ ಉತ್ತರ ಕೊಡುತ್ತೇನೆ.

ಅವಳಿಗೆ ಜ್ವರ ಬಂತು. ಜ್ವರಕ್ಕಿಂತ ಮೈನೋವೇ ಹೆಚ್ಚು. ಮಣಿಕಟ್ಟು, ಮೊಣಕಾಲು, ಬೆನ್ನು ಯಾವುದನ್ನೂ ಮುಟ್ಟುವ ಹಾಗಿರಲಿಲ್ಲ. ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ನಡುಗುತ್ತಿತ್ತು. ಹಿಟ್ಟು ನಾದುವುದಂತೂ ದೂರವೇ ಉಳಿಯಿತು. ಓಣಿಯ ಹೆಂಗಸರೆಲ್ಲ ಬಂದು ನೋಡಿ ಚಿಕೂನ್‌ಗುನ್ಯಾ ಎಂದು ತೀರ್ಪು ಕೊಟ್ಟು ಹೋದರು. ನಮ್ಮ ಡಾಕ್ಟರು ಅಷ್ಟು ಸುಲಭಕ್ಕೆ ತೀರ್ಪು ಕೊಡಲಿಲ್ಲ. ಇದು ಡೆಂಗಿಯೂ ಇರಬಹುದು, ಎರಡನ್ನೂ ತರುವುದು ಒಂದೇ ಜಾತಿಯ ಸೊಳ್ಳೆ, ಎರಡರಲ್ಲೂ ಮೈನೋವು ಇರುತ್ತದೆ ಎಂದರು. ಡೆಂಗಿ ಅಲ್ಲ ಎಂದು ಖಾತ್ರಿಯಾದರೆ ನೋವಿಗೆ ಜೋರಾದ ಇಂಜೆಕ್ಷನ್ ಕೊಡುತ್ತೇನೆ, ಸಂಜೆಯೊಳಗೆ ಎದ್ದು ಕೂರುತ್ತಾಳೆ. ಡೆಂಗಿ ಇದ್ದು ಅದನ್ನು ಕೊಟ್ಟರೆ ಒಳಗೆ ರಕ್ತ ಸೋರಲು ಶುರುವಾದೀತು, ಆಮೇಲೆ ನನ್ನ ಕೈಯಲ್ಲಿ ಇಲ್ಲ ಎಂದು ಹೇಳಿ ರಕ್ತ ಪರೀಕ್ಷೆ ಬರೆದುಕೊಟ್ಟರು.

ರಕ್ತ ಕೊಡಲು ಅವಳು ಒಪ್ಪಲಿಲ್ಲ. ಹಿಂದೊಮ್ಮೆ ಬಸುರಿಯಾಗಿದ್ದಾಗ ನರ ಸಿಗದೆ ಚುಚ್ಚಿ ಚುಚ್ಚಿ ತೋಳು ನೀಲಿಗಟ್ಟಿತ್ತು, ಆ ಬಸುರೂ ಉಳಿಯಲಿಲ್ಲ. ಅದಕ್ಕೂ ಸೂಜಿಗೂ ಸಂಬಂಧವಿಲ್ಲ ಎಂದು ಯಾರು ಹೇಳಿದರೂ ಅವಳಿಗೆ ಸೂಜಿ ಕಂಡರೆ ಅದೇ ನೆನಪು. ಅವ್ವ ಬೇರೆ ಅವಳ ಪಕ್ಷ. ಮೊದಲೇ ಬಿಳಿಚಿಕೊಂಡಿರುವವಳ ಮೈಯಿಂದ ಇದ್ದ ರಕ್ತವನ್ನೂ ತೆಗೆದರೆ ಎಲ್ಲಿಂದ ತಂದು ತುಂಬುವುದು ಎಂದು ನನ್ನನ್ನೇ ಕೇಳಿದಳು.

ಮರುದಿನ ಮಾರುಕಟ್ಟೆಗೆ ಹೋದರೆ ಅಲ್ಲೊಂದು ಹೊಸ ವ್ಯಾಪಾರ ನಡೆದಿತ್ತು. ಹಮಾಲರಲ್ಲಿ ನಾಲ್ಕಾರು ಜನ ಜ್ವರದಿಂದ ಮಲಗಿದ್ದರು. ಲ್ಯಾಬಿನ ಹೆಣ್ಣುಮಗಳೊಬ್ಬಳು, ನಡುವಯಸ್ಸಿನವಳು, ಐಸಿನ ಪೆಟ್ಟಿಗೆ ಇಟ್ಟುಕೊಂಡು ಅವರ ರಕ್ತದ ಜೊತೆಗೆ ಉಗುಳನ್ನೂ ಸಣ್ಣ ಡಬ್ಬಿಗಳಲ್ಲಿ ಹಿಡಿಯುತ್ತಿದ್ದಳು. ಒಬ್ಬ ಹಮಾಲ ಉಗುಳಿ ಕೊಟ್ಟ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, ‘ಅಣ್ಣಾ, ಇದರಾಗ ನಾ ಜ್ವರ ಹುಡುಕ್ಲೋ, ಜರ್ದಾ ಹುಡುಕ್ಲೋ?’ ಎಂದು ಅವನನ್ನು ಬಾಯಿ ತೊಳೆದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂರಲು ಕಳಿಸಿದಳು. ಸುತ್ತ ನಿಂತವರೆಲ್ಲ ನಕ್ಕರು. ನಾನು ನಗಲಿಲ್ಲ. ಸೂಜಿ ಇಲ್ಲದೆ ಡೆಂಗಿ ಗೊತ್ತಾಗುತ್ತದೆಯೇ ಎಂದು ಹತ್ತಿರ ಹೋಗಿ ಕೇಳಿದೆ.

ಅವಳು ಹೇಳಿದ್ದು ನನಗೆ ತಿಳಿದಷ್ಟು ಇಷ್ಟು: ರಕ್ತದಲ್ಲಿ ಸಿಗುವ ಜ್ವರದ ಗುರುತು ಉಗುಳಿನಲ್ಲೂ ಸ್ವಲ್ಪ ಇಳಿದಿರುತ್ತದೆ. ಅದನ್ನು ಹಿಡಿಯಲು ಬಂದರೆ ಮಕ್ಕಳಿಗೆ, ಸೂಜಿಗೆ ಹೆದರುವವರಿಗೆ ಅನುಕೂಲ. ಆದರೆ ಇದು ಇನ್ನೂ ತಾಳೆ ನೋಡುವ ಹಂತದಲ್ಲಿದೆ, ಅದಕ್ಕೇ ಒಬ್ಬೊಬ್ಬರದೂ ಎರಡನ್ನೂ ತೆಗೆದುಕೊಳ್ಳುತ್ತಿದ್ದೇವೆ, ಬರೀ ಉಗುಳಿನ ಮೇಲೆ ಔಷಧ ಕೊಡುವ ಹಾಗಿಲ್ಲ. ನಾನು ರೇಟು ಕೇಳಿದೆ. ಫುಕಟ್ ಎಂದಳು. ಅಲ್ಲಿಗೆ ನನ್ನ ಕಿವಿ ಉಳಿದ ಮಾತಿಗೆ ಅರ್ಧ ಮುಚ್ಚಿತು ಎಂದು ಕಾಣುತ್ತದೆ. ನಾಳೆ ಬಸವಕಲ್ಯಾಣಕ್ಕೂ ಬರುತ್ತಾಳೆಂದು ತಿಳಿದು ಚೌಕಾಸಿ ಶುರು ಮಾಡಿದೆ. ನಮ್ಮ ಮನೆಗೆ ಬರಬೇಕು, ಆದರೆ ನಾಳೆ ಉಗುಳು ಮಾತ್ರ, ಅದರಲ್ಲಿ ಏನೂ ತಿಳಿಯದಿದ್ದರೆ ಆಮೇಲೆ ರಕ್ತ. ಎರಡೂ ಒಟ್ಟಿಗೇ ಬೇಕು ಎಂದು ಅವಳು ಪಟ್ಟು ಹಿಡಿದಳು. ಕೊನೆಗೆ ರೋಗಿ ಒಪ್ಪದೆ ಸೂಜಿ ಹಾಕಲಾಗದು ಎಂಬ ಮಾತಿಗೆ ಇಳಿದು, ಉಗುಳು ಮೊದಲು ಎಂಬುದಕ್ಕೆ ಒಪ್ಪಿದಳು. ನಾನು ಗೆದ್ದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅವಳು ಬಂದಳು. ಏನೂ ತಿನ್ನದೆ ಕುಡಿಯದೆ ಇರಲು ತಮ್ಮನ ಹೆಂಡತಿಗೆ ಅವ್ವನಿಂದ ಮೊದಲೇ ಹೇಳಿಸಿದ್ದೆ. ಲ್ಯಾಬಿನವಳು ಡಬ್ಬಿ ಕೈಗೆ ಕೊಟ್ಟು, ಬಾಯಲ್ಲಿ ತಾನಾಗಿ ಕೂಡಿದ್ದನ್ನು ನಿಧಾನ ಬಿಡಬೇಕು, ಈ ಗೆರೆ ಮುಟ್ಟಿದರೆ ಸಾಕು ಎಂದು ತೋರಿಸಿದಳು. ತಮ್ಮನ ಹೆಂಡತಿ ಡಬ್ಬಿ ಹಿಡಿದುಕೊಂಡು ತಲೆ ತಗ್ಗಿಸಿ ಕೂತಳು, ಅಷ್ಟೆ. ಗಂಡನ ಅಣ್ಣ ಎದುರಿಗೆ ನಿಂತಿರುವಾಗ ಉಗುಳುವುದು ಹೇಗೆ? ನಾನು ಅಂಗಳಕ್ಕೆ ಬಂದೆ. ಆಗಲೂ ಆಗಲಿಲ್ಲ. ದೇವರ ಗೂಡಿನ ಎದುರಿಗೆ ಎಂಜಲು ಬೇಡ ಎಂದು ಅವ್ವ ಅವಳನ್ನು ಹಿತ್ತಿಲಿಗೆ ಕರೆದುಕೊಂಡು ಹೋದಳು. ಲ್ಯಾಬಿನ ಹೆಣ್ಣುಮಗಳು ನಾನೂ ಬರುತ್ತೇನೆ ಎಂದು ಎದ್ದರೆ, ಅವ್ವ ಅವಳ ಮುಂದೆ ಚಹಾ ಇಟ್ಟು ಕೂರಿಸಿದಳು. ಸೊಸೆ ನಾಚಿಕೊಳ್ಳುತ್ತಾಳೆ, ನಾನಿದ್ದೇನಲ್ಲ ಎಂದಳು. ಚಹಾ ಮುಗಿದ ಮೇಲೆಯೂ ಒಂದಷ್ಟು ಹೊತ್ತಾಯಿತು. ಕೊನೆಗೆ ಡಬ್ಬಿ ಬಂತು. ಗೆರೆ ದಾಟಿ ಮೇಲಕ್ಕೇ ತುಂಬಿತ್ತು. ಇಷ್ಟು ಚೆನ್ನಾಗಿ ಯಾರೂ ಕೊಟ್ಟಿಲ್ಲ ಎಂದು ಆಕೆ ಮೆಚ್ಚಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋದಳು.

ಮುಂದಿನ ದಿನ ಲ್ಯಾಬಿನವಳ ಫೋನು ಬಂತು. ಉಗುಳಿನಲ್ಲಿ ಹೊಸ ಡೆಂಗಿಯ ಗುರುತು ಕಾಣಲಿಲ್ಲ, ಹಿಂದೆ ಯಾವಾಗಲೋ ಬಂದು ಹೋದ ಜ್ವರದ ಗುರುತು ಮಾತ್ರ ಇದೆ, ಆದರೂ ರಕ್ತ ನೋಡಲೇಬೇಕು ಎಂದಳು. ನಾನು ಮೊದಲ ತುಂಡನ್ನು ಹಿಡಿದುಕೊಂಡೆ: ಹೊಸ ಡೆಂಗಿ ಇಲ್ಲ. ಎರಡನೆಯ ತುಂಡು ತಲೆಗೆ ಹತ್ತಲಿಲ್ಲ. ಬಂದು ಹೋದ ಜ್ವರದ ಗುರುತು ಉಗುಳಿನಲ್ಲಿ ಉಳಿಯುವುದು ಹೇಗೆ? ನಾವು ದಿನಾ ಉಗುಳಿ ಚೆಲ್ಲುವುದೇ ಅದನ್ನಲ್ಲವೇ? ತಮ್ಮನಿಗೆ ಫೋನು ಮಾಡಿ ಕೇಳಿದೆ. ಅವನಿಗೂ ತಿಳಿಯಲಿಲ್ಲ, ಡಾಕ್ಟರು ಏನು ಹೇಳುತ್ತಾರೋ ಹಾಗೆ ಮಾಡು, ರಜೆ ಕೇಳಿ ಬರುತ್ತೇನೆ ಎಂದ.

ಅಷ್ಟರಲ್ಲಿ ನೋವು ತಡೆಯಲಾಗದೆ ಅವಳು ಅಳುತ್ತಿದ್ದಳು. ಅಳುವುದು ನನಗೆ ಕೇಳಬಾರದೆಂದು ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ನಾನು ಆಟೋ ತರಿಸಿ ಅವಳನ್ನೂ ಅವ್ವನನ್ನೂ ಕೂರಿಸಿಕೊಂಡು ಡಾಕ್ಟರ ಬಳಿ ಹೋದೆ. ಹೊಸ ಡೆಂಗಿ ಇಲ್ಲವಂತೆ, ಇನ್ನು ಇಂಜೆಕ್ಷನ್ ಹಾಕಿಬಿಡಿ ಎಂದೆ. ಅವರು ನನ್ನ ಫೋನಿಗೆ ಬಂದಿದ್ದ ವರದಿ ನೋಡಿ ಹುಬ್ಬು ಗಂಟಿಕ್ಕಿದರು. ಉಗುಳಿನ ವರದಿಯನ್ನು ನಾನು ಇದೇ ಮೊದಲು ನೋಡುತ್ತಿರುವುದು, ಇದನ್ನು ಎಷ್ಟು ನಂಬಬೇಕೋ ನನಗೂ ತಿಳಿಯದು ಎಂದರು. ಆಮೇಲೆ ಅವಳ ಸ್ಥಿತಿ ನೋಡಿ, ನನ್ನ ಒತ್ತಾಯವನ್ನೂ ಕೇಳಿ, ಸೂಜಿಗೆ ಔಷಧ ತುಂಬಿದರು. ನೋವು ಹೋಗುತ್ತದೆಂದು ಆ ಒಂದು ಸೂಜಿಗೆ ಅವಳು ಒಪ್ಪಿದ್ದಳು. ಔಷಧ ತುಂಬುತ್ತಲೇ ಅವರು ಮಾತಿಗೆ ಕೇಳಿದರು.

‘ಈ ಜ್ವರ ನಿಮಗ ಮೊದಲು ಯಾವಾಗ ಬಂದಿತ್ತಮ್ಮಾ?’

ಅವಳು ಇಲ್ಲವೆಂದು ತಲೆ ಆಡಿಸಿದಳು. ಬಂದೇ ಇಲ್ಲವೇ ಎಂದು ಡಾಕ್ಟರು ಮತ್ತೆ ಕೇಳಿದರು. ಮತ್ತೆ ತಲೆ ಆಡಿಸಿದಳು. ಅವ್ವ ನಡುವೆ ಬಾಯಿ ಹಾಕಿದಳು.

‘ತವರುಮನ್ಯಾಗ ಬಂದಿರಬೇಕ್ರಿ. ಮೋರಖಂಡಿ ಮಂದಿ ಇಂಥಾದ್ದೆಲ್ಲ ಲಗ್ನದಾಗ ಹೇಳಿಲ್ಲ, ಮುಚ್ಚಿ ಕೊಟ್ಟಾರ.’

ಅವಳು ಸೆರಗಿನೊಳಗಿಂದ ತಲೆ ಎತ್ತಿದಳು. ದನಿ ಸಣ್ಣದು, ಆದರೆ ಆ ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

‘ನಮ್ಮ ಮಂದಿ ಹೆಸರು ತಗೋಬ್ಯಾಡ್ರಿ ಅತ್ತಿ. ಆ ಡಬ್ಬ್ಯಾಗ ನಂದು ಅರ್ಧಾನೂ ಇಲ್ಲ. ಉಳದದ್ದು ನಿಮ್ದೇ ಅದ. ಬಂದು ಹೋದ ಜ್ವರಾನೂ ನಿಮ್ದೇ ಇರಬೇಕು.’

ಡಾಕ್ಟರ ಕೈ ನಿಂತಿತು. ಅವರು ಅವಳನ್ನು ನೋಡಲಿಲ್ಲ, ಅವ್ವನನ್ನು ನೋಡಿದರು. ಅವ್ವನಿಗೆ ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂದೇ ತಿಳಿಯಲಿಲ್ಲ.

‘ಪಾಪ, ಬಾಯಿ ಒಣಗಿತ್ರಿ ಅಕಿದು. ಎಷ್ಟೊತ್ತು ಕುಂತ್ರೂ ಗೆರಿಗಿ ಮುಟ್ಟಲಿಲ್ಲ. ಮಾಪ ಕಡಿಮಿ ಹ್ಯಾಂಗ ಕಳಸಾದು? ನಾನೇ ಜರಾ ಹಾಕಿ ಬರಾಬರ್ ಮಾಡೀನಿ. ಮ್ಯಾಲ ಕೊಸರೂ ಬಿಟ್ಟೀನಿ.’

ಡಾಕ್ಟರು ಸೂಜಿಯನ್ನು ಟ್ರೇಯಲ್ಲಿ ಇಟ್ಟುಬಿಟ್ಟರು. ‘ಈಗ ನಾ ಯಾರಿಗಿ ಹಾಕ್ಲಿ ಹೇಳ್ರಿ. ಅತ್ತಿಗೋ ಸೊಸಿಗೋ?’ ಎಂದು ನನ್ನನ್ನು ಕೇಳಿದರು.

ಅವ್ವನನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ನಮ್ಮನ್ನು ಸಾಕಿದ್ದೇ ಆ ಕೈ. ಬುಟ್ಟಿಯಲ್ಲಿ ಶೇಂಗಾ, ಹುರಿಗಡಲೆ ಇಟ್ಟುಕೊಂಡು ಸಂತೆಯಲ್ಲಿ ಮಾರಿದವಳು. ಅಳತೆಯ ಪಾವು ತುಂಬಿದ ಮೇಲೆ ಗಿರಾಕಿಯ ಚೀಲಕ್ಕೆ ಇನ್ನಷ್ಟು ಹಾಕಿ ಕಳಿಸುವುದನ್ನು ನಮ್ಮ ಕಡೆ ಕೊಸರು ಎನ್ನುತ್ತಾರೆ. ಕೊಸರು ಹಾಕದ ಅಂಗಡಿಗೆ ಗಿರಾಕಿ ಎರಡನೆಯ ಸಲ ಬರುವುದಿಲ್ಲ. ನನ್ನ ಅಂಗಡಿಯಲ್ಲಿ ಈಗ ಕರೆಂಟಿನ ತಕ್ಕಡಿ ಇದ್ದರೂ, ಚಿಲ್ಲರೆಗೆ ಬಂದ ಮುದುಕಿಗೆ ಒಂದು ಹಿಡಿ ಮೇಲೆ ಹಾಕದೆ ನನಗೇ ಸಮಾಧಾನ ಆಗುವುದಿಲ್ಲ. ಬಾಯಿಯಿಂದ ಬರುವುದಕ್ಕೂ ಗೆರೆ ಎಳೆದು ಕೊಟ್ಟರೆ ಅವ್ವ ಅದನ್ನು ಪಾವು ಎಂದೇ ತಿಳಿದಳು. ಸೊಸೆಯ ಮರ್ಯಾದೆ ಉಳಿಸಿದೆ ಎಂದುಕೊಂಡಿದ್ದಳು. ಸೊಸೆಗೆ ಎಲ್ಲ ಗೊತ್ತಿದ್ದರೂ ಅತ್ತೆಯ ಮೇಲೆ ದೂರು ಹೇಳಿದಂತಾಗುತ್ತದೆಂದು, ಅದೂ ನನ್ನ ಎದುರಿಗೆ, ಸುಮ್ಮನಿದ್ದಳು. ತವರಿನ ಮಾತು ಬಾರದೆ ಹೋಗಿದ್ದರೆ ಸುಮ್ಮನೇ ಇರುತ್ತಿದ್ದಳು, ಸೂಜಿ ಒಳಗೆ ಹೋಗಿರುತ್ತಿತ್ತು.

ಡಾಕ್ಟರು ಬರೀ ಜ್ವರದ ಗುಳಿಗೆ ಕೊಟ್ಟು ಹುಮನಾಬಾದಿಗೆ ಕಳಿಸಿದರು. ಗಾಡಿ ಮಾಡಿಕೊಂಡು ಹೊರಟೆವು. ದಾರಿಯಲ್ಲಿ ರಾಜೇಶ್ವರ ಊರು ದಾಟಿದೆವು. ಆಮೇಲೆ ಅವ್ವ ತನ್ನಷ್ಟಕ್ಕೆ ಎಂಬಂತೆ, ‘ನನ್ನ ಜ್ವರ ನನಗ ಗೊತ್ತಿಲ್ಲ, ಡಬ್ಬಿಗಿ ಹ್ಯಾಂಗ ಗೊತ್ತಾತು?’ ಎಂದಳು. ಅವಳಿಗೆ ಹಿಂದೆ ಜ್ವರ ಬಂದದ್ದುಂಟು. ಕಷಾಯ ಕುಡಿದು ಮಲಗಿ ಎದ್ದಿದ್ದಳು, ಹೆಸರು ಕೇಳಿದವರು ಯಾರು?

ಆಸ್ಪತ್ರೆಗೆ ತಮ್ಮ ನೇರವಾಗಿ ಕಾರ್ಖಾನೆಯಿಂದ ಬಂದು ನಿಂತಿದ್ದ. ಅವನು ಕೈ ಹಿಡಿದುಕೊಂಡ ಮೇಲೆ ಅವಳು ಮುಖ ಆಚೆ ತಿರುಗಿಸಿ ರಕ್ತ ಕೊಟ್ಟಳು. ಡೆಂಗಿಯೇ. ಹೊಸದೇ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳೂ ಇಳಿಯುತ್ತಿದ್ದವು. ಅವು ಇಳಿದಿರುವಾಗ ಆ ನೋವಿನ ಇಂಜೆಕ್ಷನ್ ಬಿದ್ದಿದ್ದರೆ ಎಂದು ಅಲ್ಲಿಯ ಡಾಕ್ಟರಮ್ಮನನ್ನು ಕೇಳಿದೆ. ಬಿದ್ದಿಲ್ಲವಲ್ಲ ಎಂದಷ್ಟೇ ಹೇಳಿದರು.

ನನ್ನ ಗೊಂದಲ ಅಲ್ಲಿಗೂ ಮುಗಿಯಲಿಲ್ಲ. ಎರಡು ದಿನಕ್ಕೆ ಜ್ವರ ಇಳಿಯಿತು. ಮೈ ತಣ್ಣಗಾಯಿತು, ಇನ್ನು ಮನೆಗೆ ಬಿಡಿ ಎಂದು ನಾನು ಬಿಲ್ಲಿನ ಮಾತು ತೆಗೆದೆ. ಡಾಕ್ಟರಮ್ಮ, ಕಾಯುವ ಹೊತ್ತು ಈಗ ಶುರುವಾಯಿತು ಎಂದರು. ಜ್ವರ ಇದ್ದಾಗ ಅಷ್ಟು ಭಯವಿಲ್ಲ, ಹೋದ ಮೇಲೆ ಭಯ ಎಂದರೆ ಯಾವ ಲೆಕ್ಕ ಇದು? ಆದರೆ ಅದೇ ಸಂಜೆ ಅವಳು ಹೊಟ್ಟೆನೋವು ಎಂದಳು, ವಾಂತಿ ಮಾಡಿಕೊಂಡಳು, ಹಲ್ಲಿನ ಸಂದಿಯಲ್ಲಿ ರಕ್ತ ಕಂಡಿತು. ಸಲೈನು ಏರಿಸಿದರು, ಮತ್ತೆ ಮತ್ತೆ ಬಂದು ನಾಡಿ ನೋಡಿದರು. ಮಂಚದ ಕಾಲು ಹಿಡಿದು ತಮ್ಮ ನೆಲದ ಮೇಲೆ ಕೂತಿದ್ದ. ನಾನು ಮಾರುಕಟ್ಟೆಯಿಂದ ಬಂದ ಯಾವ ಫೋನನ್ನೂ ಎತ್ತಲಿಲ್ಲ. ಆ ಘಟ್ಟ ದಾಟಿದ ಮೇಲೆ ಅವಳು ಗಂಡನನ್ನು ಮೊದಲು ಕೇಳಿದ್ದು ಮಜ್ಜಿಗೆ. ಕಣಗಳು ಏರತೊಡಗಿದವು, ಮನೆಗೆ ಕರೆತಂದೆವು. ಕೀಲುನೋವು ಮಾತ್ರ ಹೋಗಲು ತುಂಬ ದಿನ ಹಿಡಿಯಿತು.

ಲ್ಯಾಬಿನ ಹೆಣ್ಣುಮಗಳಿಗೆ ನಾನೇ ಹೋಗಿ ನಡೆದದ್ದನ್ನು ಹೇಳಿದೆ. ಆ ಡಬ್ಬಿಯ ಲೆಕ್ಕವನ್ನು ತೆಗೆದುಹಾಕಬೇಕಾಯಿತು ಎಂದು ಬೇಜಾರು ಮಾಡಿಕೊಂಡಳು. ನನಗೆ ಒಂದೇ ಪ್ರಶ್ನೆ: ಅವ್ವನದು ಬೆರೆಯದಿದ್ದರೆ ಡೆಂಗಿ ಸಿಗುತ್ತಿತ್ತೇ? ‘ಸಿಗಬಹುದಿತ್ತು, ಸಿಗದೇನೂ ಇರಬಹುದಿತ್ತು. ಅದನ್ನೇ ತಿಳಕೊಳ್ಳಾಕತ್ತೀವಿ ಅಣ್ಣಾರ’ ಎಂದಳು. ತೇವ ಇದೆಯೋ ಇಲ್ಲವೋ ಎಂದು ಕೇಳಿದವನಿಗೆ ಇರಬಹುದು ಎಂದು ಉತ್ತರ ಕೊಟ್ಟರೆ ನನ್ನ ಅಂಗಡಿ ಒಂದು ದಿನ ನಡೆಯುವುದಿಲ್ಲ. ಆದರೂ ಆ ಉತ್ತರದಲ್ಲಿ ಮೋಸ ಕಾಣಲಿಲ್ಲ. ಮೊದಲ ದಿನವೂ ಅವಳು ಇದನ್ನೇ ಹೇಳಿದ್ದಳು. ತಪ್ಪು ಅವ್ವನ ಉಗುಳಿನದೋ, ಪರೀಕ್ಷೆಯದೋ, ಮನೆಯ ರೀತಿಯದೋ, ಇಂದಿಗೂ ನನ್ನ ತಕ್ಕಡಿ ಒಂದು ಕಡೆಗೆ ನಿಂತಿಲ್ಲ.

ಹಾಗಾಗಿ ನಿಮಗೆ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಉಗುಳಿನ ಪರೀಕ್ಷೆಗೆ ಕೇಳಿದರೆ ಕೊಡಿ, ಅದರಲ್ಲಿ ನಷ್ಟವಿಲ್ಲ, ನಾಳೆ ಅದರಿಂದ ಎಷ್ಟೋ ಮಕ್ಕಳಿಗೆ ಸೂಜಿ ತಪ್ಪೀತು. ಆದರೆ ರೋಗಿಯ ಬಾಯಿಯಿಂದ ಬಂದಷ್ಟೇ ಕೊಡಿ. ಕಡಿಮೆ ಬಿದ್ದರೆ ಕಡಿಮೆ ಎಂದು ಬಾಯಿ ಬಿಟ್ಟು ಹೇಳಿ, ನೀರು ಕೂಡ ಬೆರೆಸಬೇಡಿ. ಇದನ್ನು ನೋಡಿ ರಕ್ತ ಪರೀಕ್ಷೆಯನ್ನು ಮುಂದಕ್ಕೆ ಹಾಕಬೇಡಿ. ಪ್ಲೇಟ್‌ಲೆಟ್ ಎಷ್ಟಿವೆ ಎಂದು ತಿಳಿಯಲು ನಮಗೆ ಸದ್ಯ ರಕ್ತವೇ ಬೇಕು. ಡೆಂಗಿ ಅಲ್ಲ ಎಂದು ಡಾಕ್ಟರು ಹೇಳುವವರೆಗೆ, ಎಷ್ಟೇ ನೋವಿರಲಿ, ನೋವಿನ ಇಂಜೆಕ್ಷನ್ನಿಗೆ, ಅಂಗಡಿಯ ನೋವಿನ ಗುಳಿಗೆಗೆ ಒತ್ತಾಯ ಮಾಡಬೇಡಿ. ನೀರು, ಮಜ್ಜಿಗೆ, ಗಂಜಿ ಗುಟುಕು ಗುಟುಕಾಗಿ ಕೊಡುತ್ತಿರಿ. ಜ್ವರ ಬಿಟ್ಟ ಮೇಲೆ ಹೊಟ್ಟೆನೋವು ಬಂದರೆ, ವಾಂತಿ ನಿಲ್ಲದಿದ್ದರೆ, ಎಲ್ಲಿಂದಾದರೂ ರಕ್ತ ಕಂಡರೆ, ಮೈ ತಣ್ಣಗಾಗಿ ಮಂಕು ಹಿಡಿದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು, ಇದು ನನ್ನಂಥ ಮನೆಯ ಹಿರಿಯರಿಗೆ. ಡಾಕ್ಟರು ಸೊಸೆಯನ್ನು ಪ್ರಶ್ನೆ ಕೇಳುವಾಗ ನೀವು ಹೊರಗೆ ಹೋಗಿ ನಿಲ್ಲಿ. ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ಒಂದು ಚಹಾ ಕುಡಿಸಿ. ಸೊಸೆ ಹೇಳಬೇಕಾದ್ದನ್ನು ಹೇಳಿ ಮುಗಿಸಲಿ. ಆಮೇಲೆ ಒಳಗೆ ಬಂದು, ಖರ್ಚು ಎಷ್ಟಾಗುತ್ತದೆ ಎಂದು ನೀವು ಬೇಕಾದಷ್ಟು ಕೇಳಿ.